ಫ್ರಿಜ್ಜಿನ ಅನಿಲ, ಆಕಾಶದ ತೂತು

ಅಂಗೈ ಮೇಲೆ ಒಂದು ತೊಟ್ಟು ಸ್ಪಿರಿಟ್ ಹಾಕಿ ನೋಡಿ. ಅದು ಆರುತ್ತಿದ್ದಂತೆ ಚರ್ಮ ತಣ್ಣಗಾಗುತ್ತದೆ. ದ್ರವ ಆವಿಯಾಗಬೇಕಾದರೆ ಶಾಖ ಬೇಕು. ಆ ಶಾಖವನ್ನು ಅದು ಅಂಗೈಯಿಂದಲೇ ಹೀರುತ್ತದೆ. ಫ್ರಿಜ್ಜಿನೊಳಗೆ ನಡೆಯುವುದೂ ಇದೇ. ಕೊಳವೆಯಲ್ಲಿ ಹರಿಯುವ ದ್ರವ, ಒಳಗಿನ ಶಾಖ ಹೀರಿ ಆವಿಯಾಗುತ್ತದೆ. ಕಂಪ್ರೆಸರ್ ಆ ಆವಿಯನ್ನು ಒತ್ತುತ್ತದೆ. ಹಿಂಬದಿಯ ಕೊಳವೆಗಳಲ್ಲಿ ಶಾಖ ಹೊರಬಿಟ್ಟು ಅದು ಮತ್ತೆ ದ್ರವವಾಗುತ್ತದೆ.

ಮೊದಮೊದಲು ಇದಕ್ಕೆ ಅಮೋನಿಯಾ, ಗಂಧಕದ ಡೈ ಆಕ್ಸೈಡ್‌ಗಳಂಥ ಅನಿಲಗಳನ್ನು ಬಳಸುತ್ತಿದ್ದರು. ಸೋರಿದರೆ ಜೀವಕ್ಕೇ ಅಪಾಯ. 1928ರಲ್ಲಿ ಅಮೆರಿಕದ ಥಾಮಸ್ ಮಿಜ್ಲಿ ಮತ್ತು ಸಂಗಡಿಗರು ಕ್ಲೋರೋಫ್ಲೋರೋಕಾರ್ಬನ್ ಬಳಸುವ ದಾರಿ ತೋರಿದರು. ಚುಟುಕಾಗಿ ಸಿಎಫ್‌ಸಿ. ಬೆಂಕಿ ಹತ್ತದು, ವಿಷವಲ್ಲ, ಬೇರೆ ವಸ್ತುಗಳೊಡನೆ ಸುಲಭವಾಗಿ ಬೆರೆತು ಬದಲಾಗದು. ಫ್ರಿಜ್, ಹವಾನಿಯಂತ್ರಕ, ಸ್ಪ್ರೇ ಡಬ್ಬಿಗಳಲ್ಲೆಲ್ಲ ಅದೇ ತುಂಬಿತು.

ಆದರೆ ಗುಣವೇ ದೋಷವಾಯಿತು. ಕೆಳಗೆ ಕೆಡದ ಅನಿಲ ನಿಧಾನವಾಗಿ ಓಝೋನ್ ಪದರದವರೆಗೂ ಏರುತ್ತದೆ. ಅಲ್ಲಿ ಸೂರ್ಯನ ಅತಿನೇರಳೆ ಕಿರಣಗಳು ಅದನ್ನು ಒಡೆದು ಕ್ಲೋರಿನ್ ಪರಮಾಣುವನ್ನು ಬಿಡಿಸುತ್ತವೆ. ಕ್ಲೋರಿನ್ ಓಝೋನನ್ನು ಮುರಿಯುತ್ತದೆ. ತಾನು ಮಾತ್ರ ಉಳಿದು ಮುಂದಿನದಕ್ಕೆ ಕೈ ಹಾಕುತ್ತದೆ. ಓಝೋನ್ ತೆಳುವಾದರೆ ಅತಿನೇರಳೆ ಕಿರಣಗಳು ನೆಲಕ್ಕಿಳಿಯುತ್ತವೆ. ಚರ್ಮದ ಕ್ಯಾನ್ಸರ್, ಕಣ್ಣಿನ ಪೊರೆ ಹೆಚ್ಚುತ್ತವೆ, ಬೆಳೆಗಳೂ ಸೊರಗುತ್ತವೆ. ಮಾರಿಯೋ ಮೊಲಿನಾ ಮತ್ತು ಶೆರ್ವುಡ್ ರೋಲೆಂಡ್ 1974ರಲ್ಲೇ ಈ ಎಚ್ಚರಿಕೆ ಕೊಟ್ಟಿದ್ದರು. 1985ರಲ್ಲಿ ಬ್ರಿಟಿಷ್ ವಿಜ್ಞಾನಿ ಜೋ ಫಾರ್ಮನ್ ಮತ್ತು ಸಂಗಡಿಗರು ಅಂಟಾರ್ಕ್‌ಟಿಕಾದ ಮೇಲೆ ಓಝೋನ್ ತೀರಾ ಕುಸಿದಿರುವುದನ್ನು ಪ್ರಕಟಿಸಿದಾಗ ಜಗತ್ತು ಬೆಚ್ಚಿತು.

ಇಲ್ಲಿಂದ ಮುಂದೆ ರಾಜಕೀಯ. 1987ರ ಸೆಪ್ಟೆಂಬರ್ 16ರಂದು ಕೆನಡಾದ ಮಾಂಟ್ರಿಯಲ್‌ನಲ್ಲಿ ಸಿಎಫ್‌ಸಿ ತಗ್ಗಿಸುವ ಒಪ್ಪಂದವಾಯಿತು. ಭಾರತ, ಚೀನಾ ಆಗ ಸಹಿ ಹಾಕಲಿಲ್ಲ. ಈ ಅನಿಲವನ್ನು ದಶಕಗಳ ಕಾಲ ಸುರಿದವರು ಸಿರಿವಂತ ರಾಷ್ಟ್ರಗಳು. ಜನರ ಮನೆಗೆ ಆಗಷ್ಟೇ ಫ್ರಿಜ್ ಬರುತ್ತಿದ್ದ ದೇಶಗಳು ದುಬಾರಿ ಬದಲಿ ಅನಿಲಕ್ಕೆ ಹಣ ತೆರಬೇಕೇ ಎಂಬುದು ಪ್ರಶ್ನೆ. 1990ರ ಲಂಡನ್ ಸಭೆಯಲ್ಲಿ, ಪರಿಸರ ಖಾತೆಯ ಅಂದಿನ ರಾಜ್ಯ ಸಚಿವೆ ಮೇನಕಾ ಗಾಂಧಿ ಭಾರತದ ಪರವಾಗಿ ಈ ವಾದ ಹೂಡಿದರು. ಬಡರಾಷ್ಟ್ರಗಳ ಬದಲಾವಣೆಯ ಖರ್ಚಿಗೆ ಸಿರಿವಂತರು ನಿಧಿ ಸ್ಥಾಪಿಸಲು ಒಪ್ಪಿದರು. ಬಡರಾಷ್ಟ್ರಗಳಿಗೆ ಹೆಚ್ಚಿನ ಕಾಲಾವಕಾಶವೂ ಇತ್ತು. ಚೀನಾ 1991ರಲ್ಲಿ, ಭಾರತ 1992ರಲ್ಲಿ ಒಪ್ಪಂದ ಸೇರಿದವು. ಮುಂದೆ ವಿಶ್ವಸಂಸ್ಥೆಯ ಎಲ್ಲ ಸದಸ್ಯ ರಾಷ್ಟ್ರಗಳೂ ಸೇರಿದವು. ಹೊರೆಯನ್ನು ಯೋಗ್ಯತೆಗೆ ತಕ್ಕಂತೆ ಹಂಚಿದ್ದೇ ಗೆಲುವಿನ ಗುಟ್ಟು.

ಕಥೆ ಮುಗಿದಿಲ್ಲ. ಸಿಎಫ್‌ಸಿ ಜಾಗಕ್ಕೆ ಬಂದ ಹೈಡ್ರೋಫ್ಲೋರೋಕಾರ್ಬನ್‌ಗಳು ಓಝೋನನ್ನು ಕೆಡಿಸವು, ಆದರೆ ಭೂಮಿಯ ಬಿಸಿ ಏರಿಸುತ್ತವೆ. ಅವನ್ನು ತಗ್ಗಿಸಲು 2016ರಲ್ಲಿ ರುವಾಂಡಾದ ಕಿಗಾಲಿಯಲ್ಲಿ ತಿದ್ದುಪಡಿಯಾಯಿತು. ಭಾರತ ಅದನ್ನು 2021ರಲ್ಲಿ ಅನುಮೋದಿಸಿತು. ಹಳೆಯ ಸಿಎಫ್‌ಸಿ ಹಲವು ದಶಕ ಗಾಳಿಯಲ್ಲೇ ಉಳಿಯುವುದರಿಂದ, ಅಂಟಾರ್ಕ್‌ಟಿಕಾದ ಓಝೋನ್ 1980ರ ಸ್ಥಿತಿಗೆ ಮರಳುವುದು 2066ರ ಸುಮಾರಿಗೆ ಎಂದು 2023ರಲ್ಲಿ ಪ್ರಕಟವಾದ ವಿಶ್ವಸಂಸ್ಥೆ ಬೆಂಬಲದ ವರದಿ ಅಂದಾಜಿಸಿದೆ. ಈಗಿನ ನಿಯಮಗಳನ್ನು ಎಲ್ಲರೂ ಪಾಲಿಸಿದರೆ ಮಾತ್ರ. ಇಂದು ಶಾಲೆಯಲ್ಲಿರುವ ಮಕ್ಕಳು ಅಜ್ಜ ಅಜ್ಜಿಯರಾಗುವ ಹೊತ್ತಿಗೆ.