ತುಟಿಯೂ ತನ್ನದೇ, ದನಿಯೂ ತನ್ನದೇ

ಪ್ರತಿ ವರ್ಷ ‘ಶಬ್ದ’ದ ಪಾಠ ಬಂದಾಗ ನಾನೊಂದು ಪ್ರಯೋಗ ಮಾಡಿಸುತ್ತೇನೆ. ಮೊದಲು ಮನೆಯಿಂದ ಟೇಪ್ ರೆಕಾರ್ಡರ್ ಹೊತ್ತು ತರುತ್ತಿದ್ದೆ, ಈಗ ಮೊಬೈಲ್ ಸಾಕು. ಒಬ್ಬೊಬ್ಬರಿಂದ ನಾಲ್ಕು ಮಾತು ಆಡಿಸಿ, ಮುದ್ರಿಸಿಕೊಂಡು ಮರಳಿ ಕೇಳಿಸುವುದು, ಅಷ್ಟೆ. ಯಾರ ದನಿಯೆಂದು ಇಡೀ ತರಗತಿ ಗುರುತಿಸುತ್ತದೆ, ಮಾತಾಡಿದವರನ್ನು ಬಿಟ್ಟು! “ಇದು ನನ್ನ ದನಿ ಅಲ್ರಿ ಸರ” ಎಂಬ ತಕರಾರು ಮೂವತ್ತು ವರ್ಷಗಳಿಂದ ತಪ್ಪಿಲ್ಲ.

ಕಾರಣ ಸರಳ. ನಮ್ಮ ದನಿ ನಮಗೆ ಎರಡು ದಾರಿಯಲ್ಲಿ ಬರುತ್ತದೆ. ಒಂದು ಗಾಳಿಯ ದಾರಿ, ಇನ್ನೊಂದು ತಲೆಬುರುಡೆಯ ಎಲುಬಿನ ಮೂಲಕ ನೇರವಾಗಿ ಒಳಗಿವಿಗೆ. ಕಡಿಮೆ ಆವೃತ್ತಿಯ ಕಂಪನಗಳು ಎಲುಬಿನಲ್ಲಿ ಚೆನ್ನಾಗಿ ಸಾಗುವುದರಿಂದ ನಮ್ಮ ದನಿ ನಮಗೆ ತುಂಬು ದನಿಯಾಗಿ ಕೇಳುತ್ತದೆ. ಯಂತ್ರಕ್ಕೆ ಸಿಗುವುದು ಗಾಳಿಯ ಪಾಲು ಮಾತ್ರ. ಹಾಗಾಗಿ ಅದು ತೆಳ್ಳಗೆ, ಪರಕೀಯವಾಗಿ ತೋರುತ್ತದೆ.

ಹೋದ ವರ್ಷ ಹೀಗೆ ತಕರಾರು ತೆಗೆದ ಹುಡುಗಿಯೊಬ್ಬಳು ಭಜನೆಯ ಪದಗಳನ್ನು ಸೊಗಸಾಗಿ ಹಾಡುವವಳು. ಪಂಢರಪುರದ ದಾರಿಯಲ್ಲಿರುವ ನಮ್ಮ ಆಳಂದದ ಕಡೆ ಇದೇನೂ ಅಪರೂಪವಲ್ಲ. ಆದರೆ ಅಂದಿನ ಪ್ರಯೋಗದ ನಂತರ, ಗ್ಯಾದರಿಂಗಿನಲ್ಲಿ ತಾನು ಹಾಡುವುದಿಲ್ಲ, ರೆಕಾರ್ಡಿಗೆ ತುಟಿ ಆಡಿಸುತ್ತೇನೆಂದು ಹಟ ಹಿಡಿದಳು. ತಾಯಿಯೂ ಬಂದು, “ರೆಕಾರ್ಡ್ ಹಚ್ಚರಿ ಸರ, ನಾಕ ಮಂದ್ಯಾಗ ನಗಿ ಆಗಬಾರದು” ಎಂದರು. ಅಂದು ಅವರಿಬ್ಬರನ್ನೂ ಕೂಡ್ರಿಸಿಕೊಂಡು ನಾನು ಹೇಳಿದ್ದು ಅಮೀರ್‌ಬಾಯಿ ಕರ್ನಾಟಕಿಯವರ ಕತೆ.

ಅಮೀರ್‌ಬಾಯಿ ಹುಟ್ಟಿದ್ದು ಆಗಿನ ಬಿಜಾಪುರ ಜಿಲ್ಲೆಯ ಬೀಳಗಿಯಲ್ಲಿ. ಅಕ್ಕತಂಗಿಯರಿಬ್ಬರೂ ಹಾಡುಗಾರ್ತಿಯರು. ಗೋಹರ್‌ಬಾಯಿ ಮರಾಠಿ ರಂಗಭೂಮಿಯಲ್ಲಿ ಬಾಲಗಂಧರ್ವರ ಜೊತೆ ಹೆಸರಾದರೆ, ಅಮೀರ್‌ಬಾಯಿ ಮುಂಬಯಿಯ ಸಿನಿಮಾ ಸೇರಿದರು. ನಮ್ಮ ಮೊದಲ ವಾಕ್ಚಿತ್ರ ‘ಸತಿ ಸುಲೋಚನ’ ಬಂದದ್ದು 1934ರಲ್ಲಿ. ಆ ಕಾಲದಲ್ಲಿ ನಟಿಯಾಗಬೇಕಾದರೆ ಹಾಡು ಬರಲೇಬೇಕಿತ್ತು. ಕ್ಯಾಮೆರಾ ತಿರುಗುತ್ತಿರುವಾಗಲೇ ಹಾಡಬೇಕು. ತಬಲಾ, ಪೇಟಿಯವರು ಗಿಡದ ಮರೆಗೋ ಪರದೆಯ ಹಿಂದೆಯೋ ಕೂತು ನುಡಿಸಬೇಕು. ಮೈಕಿನಿಂದ ದೂರ ಸರಿದರೆ ದನಿ ಕುಗ್ಗುವುದರಿಂದ ಹಾಡುವವರು ಅತ್ತಿತ್ತ ಅಲುಗುವ ಹಾಗಿರಲಿಲ್ಲ. ಹಾಡು ತಪ್ಪಿದರೆ ಅಭಿನಯವೂ ಮೊದಲಿನಿಂದಲೇ. ಹಾಡನ್ನು ಬೇರೆಯಾಗಿ ಮುದ್ರಿಸಿ, ಆಮೇಲೆ ತುಟಿ ಆಡಿಸುವ ಹಿನ್ನೆಲೆ ಗಾಯನದ ಪದ್ಧತಿ ಶುರುವಾದದ್ದು 1935ರಲ್ಲಿ, ಕಲ್ಕತ್ತೆಯ ನ್ಯೂ ಥಿಯೇಟರ್ಸ್‌ನಲ್ಲಿ. ಅದಾದ ಮೇಲೂ ಹಲವು ವರ್ಷ ಅನೇಕ ನಟನಟಿಯರು ತಮ್ಮ ಹಾಡನ್ನು ತಾವೇ ಹಾಡಿಕೊಳ್ಳುತ್ತಿದ್ದರು.

1940ರಲ್ಲಿ ಗುಜರಾತಿನ ಸಂತಕವಿ ನರಸಿ ಮೆಹತಾರ ಜೀವನವನ್ನು ವಿಜಯ್ ಭಟ್ ‘ನರಸಿ ಭಗತ್’ ಎಂಬ ಸಿನಿಮಾ ಮಾಡಿದರು. ಸಂತ ತುಕಾರಾಮನ ಪಾತ್ರದಿಂದ ಮನೆಮಾತಾಗಿದ್ದ ವಿಷ್ಣುಪಂತ ಪಾಗ್ನೀಸರೇ ನರಸಿ. ಅಮೀರ್‌ಬಾಯಿ ಅದರಲ್ಲಿ ನಟಿಸಿದ್ದಷ್ಟೇ ಅಲ್ಲ, ಗಾಂಧೀಜಿಯವರ ಪ್ರಾರ್ಥನೆಯಿಂದ ನಮಗೆಲ್ಲ ಪರಿಚಿತವಾದ ‘ವೈಷ್ಣವ ಜನ ತೋ’ ಹಾಡಿದರು. ಹದಿನೈದನೆಯ ಶತಮಾನದ ಗುಜರಾತಿ ಭಕ್ತನ ಪದ ಬೀಳಗಿಯ ಮುಸ್ಲಿಂ ಹೆಣ್ಣುಮಗಳ ಕಂಠದಲ್ಲಿ ದೇಶವೆಲ್ಲ ತಿರುಗಿತು.

ಮುಂದಿನ ಮೂರೇ ವರ್ಷದಲ್ಲಿ ಗಾಳಿ ತಿರುಗಿತು. 1943ರ ‘ಕಿಸ್ಮತ್’ನ ಹಾಡುಗಳು ಅಮೀರ್‌ಬಾಯಿಯವರನ್ನು ಕೀರ್ತಿಯ ತುದಿಗೇರಿಸಿದವು, ನಿಜ. ಆದರೆ ತೆರೆಯ ಮೇಲೆ ತುಟಿ ಆಡಿಸಿದವರು ಮುಮ್ತಾಜ್ ಶಾಂತಿ! ಒಂದೇ ಕೊರಳು, ಒಮ್ಮೆ ತನ್ನ ಮುಖದೊಂದಿಗೆ, ಇನ್ನೊಮ್ಮೆ ಬೇರೆಯವರ ಮುಖದ ಹಿಂದೆ.

ಹಾಲಿವುಡ್‌ನಲ್ಲಿ ಇದೇ ಕತೆ ತಿರುಗುಮುರುಗಾಗಿ ನಡೆಯಿತು. ನಟಿ ಸೂಸಾನ್ ಹೇವರ್ಡ್ 1952ರಲ್ಲಿ ಗಾಯಕಿ ಜೇನ್ ಫ್ರೋಮನ್‌ರ ಜೀವನಚಿತ್ರದಲ್ಲಿ ತುಟಿ ಮಾತ್ರ ಆಡಿಸಿದರು, ದನಿ ಸ್ವತಃ ಫ್ರೋಮನ್‌ರದು. 1955ರಲ್ಲಿ ಮತ್ತೊಬ್ಬ ಗಾಯಕಿ ಲಿಲಿಯನ್ ರಾತ್‌ರ ಜೀವನಚಿತ್ರ ‘ಐ ವಿಲ್ ಕ್ರೈ ಟುಮಾರೊ’ ಬಂದಾಗ ಮಾತ್ರ ತಾವೇ ಹಾಡಿದರು. ಅವರೇನೂ ವೃತ್ತಿಗಾಯಕಿಯಲ್ಲ. ಆದರೂ ಮರುವರ್ಷ ಕಾನ್ ಚಿತ್ರೋತ್ಸವದಲ್ಲಿ ಆ ಪಾತ್ರಕ್ಕೆ ಶ್ರೇಷ್ಠ ನಟಿ ಪ್ರಶಸ್ತಿ ದೊರೆಯಿತು.

ಅಷ್ಟು ದೂರವೇಕೆ? ನಮ್ಮ ಡಾ. ರಾಜಕುಮಾರ್ 1960ರಲ್ಲಿ ಕನಕದಾಸರಾದಾಗ ಹಾಡಿದವರು ಪಿ.ಬಿ. ಶ್ರೀನಿವಾಸ್. 1983ರಲ್ಲಿ ಕವಿರತ್ನ ಕಾಳಿದಾಸನಾದಾಗ ಹಾಡಿದವರು ಸ್ವತಃ ರಾಜಕುಮಾರ್.

ಹಾಗಾದರೆ ಯಾವುದು ಮೇಲು? ಶ್ರೀನಿವಾಸರ ಕಂಠವನ್ನು ಕಡಿಮೆಯೆನ್ನುವ ಎದೆಗಾರಿಕೆ ನನಗಿಲ್ಲ, ಹಿನ್ನೆಲೆ ಗಾಯನ ಮೋಸವೂ ಅಲ್ಲ. ಆದರೂ ಹಾಡುವವರ ಕತ್ತಿನ ನರ ಉಬ್ಬುವುದು, ಎದೆಯೇರಿಳಿಯುವುದು, ಸಾಲು ಮುಗಿಯುವ ಮುಂಚೆ ಕಣ್ಣು ಮುಚ್ಚುವುದು, ಇವೆಲ್ಲ ಉಸಿರಿನ ಲೆಕ್ಕಾಚಾರ. ಉಸಿರು ಒಬ್ಬರದು, ಮುಖ ಇನ್ನೊಬ್ಬರದಾದರೆ ಲೆಕ್ಕ ಎಲ್ಲೋ ಕೂದಲೆಳೆಯಷ್ಟು ತಪ್ಪುತ್ತದೆ. ಅದನ್ನು ನಮ್ಮ ಕಣ್ಣು ಹಿಡಿದುಬಿಡುತ್ತದೆ.

ಇಷ್ಟು ಹೇಳಿ, ಮುದ್ರಿಸಿಟ್ಟಿದ್ದ ಮಗಳ ದನಿಯನ್ನು ತಾಯಿಗೆ ಕೇಳಿಸಿದೆ. ಅವರು ಅರೆಗಳಿಗೆಯೂ ತಡೆಯಲಿಲ್ಲ, “ಇದು ನಮ್ಮ ಹುಡುಗೀದೇ ದನಿರಿ, ದಿನಾ ಮನ್ಯಾಗ ಕೇಳೂದು ಹಿಂಗೇ” ಎಂದರು. ಹುಡುಗಿ ತಲೆತಗ್ಗಿಸಿ ನಕ್ಕಳು. ಹೊಸ್ತಿಲ ತನಕ ಹೋದ ತಾಯಿ ಹೊರಳಿ ಕೇಳಿದರು: “ಗ್ಯಾದರಿಂಗಿಗೆ ಪೇಟಿ ಬಾರ್ಸವ್ರು ಯಾರ್ರಿ ಸರ?”