ಜಗತ್ತಿನ ಮಹೋನ್ನತ ಪರ್ವತಗಳು

“ಲೋಕದಲ್ಲಿ ಅತ್ಯಂತ ಎತ್ತರವಾದ ಪರ್ವತ ಯಾವುದು?” ಎಂದು ಕೇಳಿದರೆ ಉತ್ತರ ಹೇಳಲಾರದ ವಿದ್ಯಾರ್ಥಿನಿಯು ಯಾವ ಶಾಲೆಯಲ್ಲಿಯೂ ಇರಲಾರಳು. ಭೂಗೋಳದ ಪುಸ್ತಕವನ್ನು ಮುಚ್ಚಿಟ್ಟು ಎಷ್ಟೋ ವರ್ಷಗಳಾದ ತಾಯಂದಿರು ಕೂಡ “ಎವರೆಸ್ಟ್” ಎಂದು ಒಡನೆಯೇ ಹೇಳಬಲ್ಲರು. ಆದರೆ ಆ ಎತ್ತರವು ಮನುಷ್ಯನಿಗೆ ತಿಳಿದುದು ಹೇಗೆ? ಯಾರೂ ಹತ್ತದೆ ಇದ್ದ ಕಾಲದಲ್ಲಿ ಅದನ್ನು ಅಳೆದವರು ಯಾರು? ಎತ್ತರವೆಂಬುದನ್ನು ಎಲ್ಲಿಂದ ಎಣಿಸತಕ್ಕದ್ದು? ಈ ಪ್ರಶ್ನೆಗಳನ್ನು ನಾವು ಸಾಮಾನ್ಯವಾಗಿ ಕೇಳುವುದಿಲ್ಲ. ಕೇಳಿದರೆ, ಪಾಠದಲ್ಲಿ ಒಂದೇ ಸಾಲಿನಲ್ಲಿ ಮುಗಿದುಹೋಗುವ ಉತ್ತರದ ಹಿಂದೆ ಅನೇಕ ಜನರ ಅನೇಕ ವರ್ಷಗಳ ಶ್ರಮವಿರುವುದು ಕಂಡುಬರುವುದು.

ಇನ್ನೂರು ವರ್ಷಗಳ ಹಿಂದೆ ಇದೇ ಪ್ರಶ್ನೆಯನ್ನು ಯೂರೋಪಿನ ಪಂಡಿತರಿಗೆ ಕೇಳಿದ್ದರೆ, ಅವರಲ್ಲಿ ಹಲವರು ದಕ್ಷಿಣ ಅಮೆರಿಕಾ ಖಂಡದ ಚಿಂಬೊರಾಸೊ ಎಂಬ ಪರ್ವತದ ಹೆಸರನ್ನು ಹೇಳುತ್ತಿದ್ದರು. ಇದು ಇಂದಿನ ಎಕ್ವಡಾರ್ ದೇಶದಲ್ಲಿ, ಭೂಮಧ್ಯರೇಖೆಗೆ ತೀರ ಸಮೀಪದಲ್ಲಿ ನಿಂತಿರುವ ಒಂದು ಜ್ವಾಲಾಮುಖಿ. 1802ನೆಯ ಇಸವಿಯಲ್ಲಿ ಜರ್ಮನಿಯ ಸುಪ್ರಸಿದ್ಧ ವಿಜ್ಞಾನಿ ಅಲೆಕ್ಸಾಂಡರ್ ಫಾನ್ ಹುಂಬೋಲ್ಟರು ತಮ್ಮ ಸಂಗಡಿಗರೊಡನೆ ಇದನ್ನು ಹತ್ತತೊಡಗಿದರು. ಎತ್ತರಕ್ಕೆ ಹೋದಂತೆಲ್ಲ ವಾಯುವಿನ ಭಾರವು ಕಡಿಮೆಯಾಗುವುದರಿಂದ, ಆ ಭಾರವನ್ನು ತೋರಿಸುವ ಪಾದರಸದ ವಾಯುಭಾರಮಾಪಕವನ್ನು ಹೊತ್ತುಕೊಂಡು ಹೋದರೆ ಏರಿದ ಎತ್ತರವನ್ನು ಲೆಕ್ಕ ಹಾಕಬಹುದು. ಹುಂಬೋಲ್ಟರ ಲೆಕ್ಕದ ಪ್ರಕಾರ ಅವರು 19,000 ಅಡಿಗಳಿಗೂ ಮೇಲೆ ಏರಿದ್ದರು. ಅಲ್ಲಿ ದಾಟಲಸಾಧ್ಯವಾದ ಒಂದು ಬಿರುಕು ಎದುರಾದುದರಿಂದ ಶಿಖರವನ್ನು ಮುಟ್ಟದೆ ಹಿಂದಿರುಗಬೇಕಾಯಿತು. ಲೋಕದ ಅತ್ಯುನ್ನತ ಪರ್ವತದ ಮೇಲೆ ನಿಂತೆವೆಂದೇ ಅವರು ಆಗ ಭಾವಿಸಿದ್ದರು.

ಹುಂಬೋಲ್ಟರು ಚಿಂಬೊರಾಸೊವನ್ನು ಹತ್ತಿದ ಆ ವರ್ಷದಲ್ಲಿಯೇ ನಮ್ಮ ದೇಶದಲ್ಲಿ ಆರಂಭವಾದ ಕೆಲಸವೊಂದು ಈ ನಂಬಿಕೆಯನ್ನು ಅಳಿಸಿಹಾಕುವುದಕ್ಕೆ ಕಾರಣವಾಯಿತು. ಅದುವೇ ಭಾರತದ ಮಹಾ ತ್ರಿಕೋನಮಾಪನ. ಇದರ ಮೂಲಪುರುಷರಾದ ವಿಲಿಯಂ ಲ್ಯಾಂಬ್ಟನ್ನರು ಶ್ರೀರಂಗಪಟ್ಟಣದ ಪತನವಾದ ಮೇಲೆ, 1800ರಲ್ಲಿ, ಬೆಂಗಳೂರಿನ ಬಳಿ ಏಳು ಮೈಲಿಗಳಿಗೂ ಹೆಚ್ಚು ಉದ್ದವಾದ ಒಂದು ಸರಳರೇಖೆಯನ್ನು ಸರಪಳಿಯಿಂದ ಅಳೆದರು. 1802ರಲ್ಲಿ ಮದರಾಸಿನಲ್ಲಿ ಮತ್ತೊಂದು ರೇಖೆಯನ್ನು ಅಳೆದು ಮಾಪನಕಾರ್ಯವನ್ನು ಕ್ರಮವಾಗಿ ಪ್ರಾರಂಭಿಸಿದರು. 1804ರಲ್ಲಿ ಪುನಃ ಬೆಂಗಳೂರಿನ ಬಳಿ ಅಳೆದು, ಮದರಾಸಿನಿಂದ ಅಲ್ಲಿಯವರೆಗೆ ತಾವು ಹಾಕಿದ ಲೆಕ್ಕವು ಸರಿಯೇ ಎಂದು ಪರೀಕ್ಷಿಸಿದರು. ಅವರ ತ್ರಿಕೋನಗಳು ಮುಂದೆ ಮೈಸೂರು ಸೀಮೆಯನ್ನು ದಾಟಿ ಮಂಗಳೂರಿನ ಸಮುದ್ರತೀರದವರೆಗೂ ಸಾಗಿದವು.

ಈ ಮಾಪನದ ತತ್ತ್ವವು ಪ್ರೌಢಶಾಲೆಯ ರೇಖಾಗಣಿತವನ್ನು ಓದಿದವರೆಲ್ಲರಿಗೂ ತಿಳಿದದ್ದೇ. ತ್ರಿಕೋನದ ಒಂದು ಭುಜದ ಉದ್ದವೂ ಅದರ ಎರಡು ತುದಿಗಳಲ್ಲಿರುವ ಕೋನಗಳೂ ಗೊತ್ತಾದರೆ, ಉಳಿದ ಎರಡು ಭುಜಗಳನ್ನು ಅಳೆಯದೆಯೇ ಗಣಿತದಿಂದ ಕಂಡುಹಿಡಿಯಬಹುದು. ಹಾಗೆ ಕಂಡುಹಿಡಿದ ಭುಜವೇ ಮುಂದಿನ ತ್ರಿಕೋನಕ್ಕೆ ಆಧಾರವಾಗುವುದು. ಸರಪಳಿ ಹಿಡಿದು ಅಳೆಯಬೇಕಾದದ್ದು ಆರಂಭದ ಒಂದು ರೇಖೆಯನ್ನು ಮಾತ್ರ. ಮಿಕ್ಕದ್ದನ್ನೆಲ್ಲ ಕೋನಗಳಿಂದಲೇ ಸಾಧಿಸಬಹುದು. ಆದರೆ ಮೊದಲಿನ ರೇಖೆಯಲ್ಲಿ ಆಗುವ ಅಲ್ಪ ತಪ್ಪು ಸಹ ಮುಂದೆ ಮುಂದೆ ಹೋದಂತೆ ಬೆಳೆಯುತ್ತದೆ. ಆದಕಾರಣ ಬಿಸಿಲಿಗೆ ಉಕ್ಕಿನ ಸರಪಳಿ ಎಷ್ಟು ಹಿಗ್ಗಿತೆಂಬುದನ್ನು ಕೂಡ ಅವರು ಲೆಕ್ಕಕ್ಕೆ ತೆಗೆದುಕೊಳ್ಳುತ್ತಿದ್ದರು. ಕೋನಗಳನ್ನು ಅಳೆಯುವ ಥಿಯೊಡೊಲೈಟ್ ಎಂಬ ಯಂತ್ರವು ಸುಮಾರು ಅರ್ಧ ಟನ್ನು ತೂಕದ್ದು. ಅದನ್ನು ಬೆಟ್ಟದಿಂದ ಬೆಟ್ಟಕ್ಕೆ ಕೂಲಿಯಾಳುಗಳು ಹೊತ್ತು ಏರಿಸಿದರು. ಆ ಆಳುಗಳ ಹೆಸರುಗಳನ್ನು ನಮಗಾಗಿ ಬರೆದಿಟ್ಟವರಿಲ್ಲ.

ಲ್ಯಾಂಬ್ಟನ್ನರು 1823ರಲ್ಲಿ ಕೆಲಸದಲ್ಲಿರುವಾಗಲೇ ಮೃತರಾದರು. ಅನಂತರ ಜಾರ್ಜ್ ಎವರೆಸ್ಟರೂ, 1843ರಿಂದ ಆಂಡ್ರೂ ವಾ ಎಂಬವರೂ ಈ ಕೆಲಸವನ್ನು ನಡೆಸಿ ಹಿಮಾಲಯದ ತಪ್ಪಲನ್ನು ಮುಟ್ಟಿಸಿದರು. ಅಷ್ಟರಲ್ಲಿ ಹಿಮಾಲಯವು ಆಂಡೀಸ್ ಪರ್ವತಗಳಿಗಿಂತ ಎತ್ತರವೆಂಬುದು ತಿಳಿದುಬಂದಿತ್ತು. 19ನೆಯ ಶತಮಾನದ ಆರಂಭದಲ್ಲಿ ಧವಳಗಿರಿಯ ಎತ್ತರವನ್ನು ಪ್ರಕಟಿಸಿದಾಗ ಯೂರೋಪಿನ ಅನೇಕ ಪಂಡಿತರು ಅದನ್ನು ನಂಬಲಿಲ್ಲ. ಆಮೇಲೆ ಕಾಂಚನಗಂಗೆಯೇ ಸರ್ವೋನ್ನತವೆಂಬ ಅಭಿಪ್ರಾಯ ಬಂದಿತು. ಆದರೆ ಅದರಾಚೆ, ದೂರದ ಮಂಜಿನಲ್ಲಿ, ಮತ್ತೊಂದು ಶಿಖರವು ಆಗಾಗ ಕಾಣುತ್ತಿತ್ತು. ಮಾಪನದವರು ಅದಕ್ಕೆ ಕೇವಲ “15ನೆಯ ಶಿಖರ” ಎಂದು ಗುರುತು ಹಾಕಿಕೊಂಡಿದ್ದರು.

ನೇಪಾಳದ ಒಳಕ್ಕೆ ಹೋಗಲು ಅವರಿಗೆ ಅನುಮತಿಯಿರಲಿಲ್ಲ. ಆದಕಾರಣ ಜೇಮ್ಸ್ ನಿಕಲ್ಸನ್ ಎಂಬವರು 1849–50ರಲ್ಲಿ, ನೂರು ಮೈಲಿಗಳಿಗೂ ದೂರದ ಬಿಹಾರದ ಬಯಲಿನಿಂದ ಅದರ ಕೋನಗಳನ್ನು ಅಳೆದರು. ಆ ಪ್ರದೇಶವು ಮಲೇರಿಯಾ ಜ್ವರಕ್ಕೆ ತವರೂರಾಗಿತ್ತು. ನಿಕಲ್ಸನ್ನರು ಸಹ ಆ ಜ್ವರಕ್ಕೆ ತುತ್ತಾಗಿ ಕೆಲಸವನ್ನು ಬಿಡಬೇಕಾಯಿತು.

ನೂರು ಮೈಲಿ ದೂರದಿಂದ ಅಳೆಯುವುದರಲ್ಲಿ ಎರಡು ತೊಡಕುಗಳುಂಟು. ಭೂಮಿಯು ದುಂಡಗಿರುವುದರಿಂದ ಅಷ್ಟು ದೂರದಲ್ಲಿ ಪರ್ವತದ ಬುಡದ ಆರೂವರೆ ಸಾವಿರ ಅಡಿಗಳಷ್ಟು ಭಾಗವು ದಿಗಂತದ ಕೆಳಗೆ ಮರೆಯಾಗಿಬಿಡುವುದು. ಅಲ್ಲದೆ ಬೆಳಕಿನ ಕಿರಣವು ದಟ್ಟವಾದ ಹಾಗೂ ತೆಳುವಾದ ವಾಯುವಿನ ಪದರಗಳ ಮೂಲಕ ಬರುವಾಗ ಬಾಗುವುದರಿಂದ, ಶಿಖರವು ಇರುವುದಕ್ಕಿಂತ ಮೇಲೆ ಇರುವಂತೆ ತೋರುವುದು. ಇವೆರಡನ್ನೂ ತಿದ್ದಿ ನಿಜವಾದ ಎತ್ತರವನ್ನು ತೆಗೆಯುವ ದೀರ್ಘವಾದ ಲೆಕ್ಕದಲ್ಲಿ ಮುಖ್ಯರಾಗಿದ್ದವರು ಬಂಗಾಳದ ಗಣಿತಜ್ಞ ರಾಧಾನಾಥ ಸಿಕ್ದಾರರು. ವಾ ಅವರು ಇದನ್ನು ಮತ್ತೆ ಮತ್ತೆ ಪರಿಶೀಲಿಸಿ, 1856ರಲ್ಲಿ 15ನೆಯ ಶಿಖರದ ಎತ್ತರ 29,002 ಅಡಿ ಎಂದು ಪ್ರಕಟಿಸಿದರು. ತಮಗಿಂತ ಹಿಂದಿನ ಅಧಿಕಾರಿಯ ಗೌರವಾರ್ಥವಾಗಿ ಅದಕ್ಕೆ ಎವರೆಸ್ಟ್ ಎಂಬ ಹೆಸರನ್ನೂ ಸೂಚಿಸಿದರು. ಈ ದೇಶದ ಜನರ ಬಾಯಿಗೆ ಬಾರದ ಹೆಸರೆಂದು ಸ್ವತಃ ಎವರೆಸ್ಟರೇ ಆಕ್ಷೇಪಿಸಿದರೂ ಅದೇ ನಿಂತುಬಿಟ್ಟಿತು. ಟಿಬೆಟಿನವರು ಈ ಪರ್ವತವನ್ನು ಚೋಮೋಲುಂಗ್ಮಾ ಎಂದೂ ನೇಪಾಳದವರು ಸಾಗರಮಾಥಾ ಎಂದೂ ಕರೆಯುವರು.

2020ನೆಯ ಡಿಸೆಂಬರಿನಲ್ಲಿ ನೇಪಾಳ ಮತ್ತು ಚೀನಾ ದೇಶಗಳು ಕೂಡಿ ಪ್ರಕಟಿಸಿದ ಎತ್ತರ 8,848.86 ಮೀಟರ್, ಅಂದರೆ ಸುಮಾರು 29,032 ಅಡಿ. ಇದಕ್ಕಾಗಿ ಎರಡು ದೇಶಗಳವರೂ ಶಿಖರದ ಮೇಲೆಯೇ ಯಂತ್ರವನ್ನಿಟ್ಟು, ಆಕಾಶದ ಕೃತಕ ಉಪಗ್ರಹಗಳ ಸಹಾಯದಿಂದ ಅಳೆದರು. ಹಳೆಯ ಲೆಕ್ಕಕ್ಕೂ ಇದಕ್ಕೂ ಇರುವ ಅಂತರವು ಮೂವತ್ತು ಅಡಿ ಮಾತ್ರ. ಪರ್ವತದ ಮೇಲೆ ಕಾಲಿಡದೆ, ಜ್ವರದ ಬಯಲಿನಲ್ಲಿ ನಿಂತು ಅಳೆದವರ ನಿಷ್ಠೆಗೆ ಇದಕ್ಕಿಂತ ಬೇರೆ ಪ್ರಮಾಣಪತ್ರವು ಬೇಕಿಲ್ಲ.

ಮೇಲೆ ಹೇಳಿದ ಎತ್ತರವೆಲ್ಲ ಸಮುದ್ರದ ಮಟ್ಟದಿಂದ ಎಣಿಸಿದ್ದು. ಎಣಿಕೆಯನ್ನು ಆರಂಭಿಸುವ ಸ್ಥಳವನ್ನು ಬದಲಾಯಿಸಿದರೆ ಉತ್ತರವೂ ಬದಲಾಗುವುದು. ಶಾಂತಸಾಗರದ ಹವಾಯಿ ದ್ವೀಪದಲ್ಲಿರುವ ಮೌನಾ ಕೆಯಾ ಎಂಬ ಪರ್ವತವು ಸಮುದ್ರದ ಮೇಲೆ 4,207 ಮೀಟರ್ ಮಾತ್ರ ಕಾಣುತ್ತದೆ. ಆದರೆ ಅದರ ಬುಡವು ಸಮುದ್ರದ ತಳದಲ್ಲಿದೆ. ಅಲ್ಲಿಂದ ಎಣಿಸಿದರೆ ಅದು 10,000 ಮೀಟರುಗಳನ್ನು ಮೀರುವುದು. ಇನ್ನು ಚಿಂಬೊರಾಸೊವಿನ ಎತ್ತರ ಸಮುದ್ರಮಟ್ಟದಿಂದ ಸುಮಾರು 6,263 ಮೀಟರ್. ಎವರೆಸ್ಟಿಗಿಂತ ಎರಡೂವರೆ ಸಾವಿರ ಮೀಟರುಗಳಷ್ಟು ಕಡಿಮೆಯಾಯಿತು. ಆದರೆ ಭೂಗೋಳವು ಮಧ್ಯದಲ್ಲಿ ಉಬ್ಬಿಕೊಂಡಿರುವುದು. ಭೂಕೇಂದ್ರದಿಂದ ಧ್ರುವಕ್ಕೆ ಇರುವ ದೂರಕ್ಕಿಂತ ಮಧ್ಯರೇಖೆಗೆ ಇರುವ ದೂರವು ಸುಮಾರು 21 ಕಿಲೋಮೀಟರ್ ಹೆಚ್ಚು. ಈ ಉಬ್ಬಿನ ಮೇಲೆ ನಿಂತಿರುವುದರಿಂದ ಚಿಂಬೊರಾಸೊವಿನ ಶಿಖರವು ಎವರೆಸ್ಟಿಗಿಂತ ಸುಮಾರು ಎರಡು ಕಿಲೋಮೀಟರ್ ಹೆಚ್ಚಾಗಿ ಭೂಕೇಂದ್ರದಿಂದ ದೂರವಿದೆ. ಹುಂಬೋಲ್ಟರ ಕಾಲದ ನಂಬಿಕೆಯು ಅವರು ಎಣಿಸದೆ ಇದ್ದ ಒಂದು ಅರ್ಥದಲ್ಲಿ ನಿಜವಾಯಿತು!

ಹವಾಯಿಯ ಪರ್ವತದಂತೆ ಚಿಂಬೊರಾಸೊ ಸಹ ಅಗ್ನಿಯಿಂದ ಹುಟ್ಟಿದ್ದು. ಎವರೆಸ್ಟಿನ ಜನ್ಮವೃತ್ತಾಂತವು ಬೇರೆ. ಸುಮಾರು ಐದು ಕೋಟಿ ವರ್ಷಗಳ ಹಿಂದೆ ಭಾರತದ ಭೂಖಂಡವು ಉತ್ತರಕ್ಕೆ ಸರಿದು ಏಷ್ಯಾ ಖಂಡಕ್ಕೆ ಒತ್ತಿದುದರಿಂದ, ನಡುವೆ ಇದ್ದ ಸಮುದ್ರದ ತಳವು ಮಡಿಕೆ ಬಿದ್ದು ಮೇಲಕ್ಕೆದ್ದಿತು. ಎವರೆಸ್ಟಿನ ನೆತ್ತಿಯಲ್ಲಿರುವ ಸುಣ್ಣದ ಕಲ್ಲಿನಲ್ಲಿ ಪುರಾತನ ಸಮುದ್ರಜೀವಿಗಳ ಅವಶೇಷಗಳು ಇಂದಿಗೂ ಕಂಡುಬರುವುವು. ಲೋಕದ ಅತ್ಯಂತ ಎತ್ತರದ ಕಲ್ಲು ಒಂದು ಕಾಲದಲ್ಲಿ ನೀರಿನ ಅಡಿಯ ಕೆಸರಾಗಿತ್ತು.

ಪರ್ವತವನ್ನು ಅಳೆದವರ ಮಾತನ್ನು ಲೋಕವು ನಂಬದೆ ಹೋದುದನ್ನು ಹೇಳಿದೆವು. ಕಣ್ಣಾರೆ ಕಂಡವರನ್ನೂ ನಂಬದೆ ಹೋದದ್ದುಂಟು. ಬಾಸೆಲಿನಲ್ಲಿ ಶಿಕ್ಷಣ ಪಡೆದ ಜೋಹಾನ್ನೆಸ್ ರೆಬ್‌ಮನ್ ಎಂಬ ಮಿಶನರಿಯು 1848ರ ಮೇ ತಿಂಗಳಲ್ಲಿ ಪೂರ್ವ ಆಫ್ರಿಕಾದ ಒಳನಾಡಿನಲ್ಲಿ ಪ್ರಯಾಣ ಮಾಡುವಾಗ ಕಿಲಿಮಂಜಾರೊ ಪರ್ವತದ ತಲೆಯ ಮೇಲೆ ಬಿಳುಪಾದ ಹೊದಿಕೆಯನ್ನು ಕಂಡು, ಅದು ಹಿಮವೆಂದು ಬರೆದನು. ಭೂಮಧ್ಯರೇಖೆಯ ಸಮೀಪದ ಉರಿಬಿಸಿಲಿನ ದೇಶದಲ್ಲಿ ಹಿಮವೆಲ್ಲಿಯದೆಂದು ಇಂಗ್ಲೆಂಡಿನ ಭೂಗೋಳ ಪಂಡಿತರು ಅವನನ್ನು ಹಾಸ್ಯ ಮಾಡಿದರು. ಹೀಗೆ ಹೇಳಿದವರು ಆಫ್ರಿಕಾದ ಒಳನಾಡನ್ನು ನೋಡಿದವರಲ್ಲ. 1861ರಿಂದ ಈಚೆಗೆ ಬ್ಯಾರನ್ ಫಾನ್ ಡೆರ್ ಡೆಕೆನ್ ಎಂಬವರು ಸ್ವತಃ ಹೋಗಿ ನೋಡಿದ ಮೇಲೆ ರೆಬ್‌ಮನ್ನನ ಮಾತು ಸತ್ಯವೆಂದು ಸ್ಥಿರವಾಯಿತು. ಕಿಲಿಮಂಜಾರೊವಿನ ಎತ್ತರ 5,895 ಮೀಟರ್. ಸುತ್ತಲಿನ ಬಯಲಿನಿಂದ ಅದು ಒಂಟಿಯಾಗಿ ಎದ್ದು ನಿಂತಿದೆ. 1912ರಿಂದ ಈಚೆಗೆ ಅದರ ಹಿಮರಾಶಿಯಲ್ಲಿ ನೂರಕ್ಕೆ ಎಂಬತ್ತು ಪಾಲಿಗೂ ಹೆಚ್ಚು ಕರಗಿಹೋಗಿದೆ. ಇಲ್ಲವೆಂದು ಒಮ್ಮೆ ಪಂಡಿತರು ಸಾಧಿಸಿದ ಹಿಮವು ನಮ್ಮ ಮಕ್ಕಳ ಕಾಲಕ್ಕೆ ನಿಜವಾಗಿಯೂ ಇಲ್ಲವಾಗುವ ಭಯವುಂಟಾಗಿದೆ.

“ಇದು ಆಗದು” ಎಂಬ ಮಾತನ್ನು ಸ್ತ್ರೀಯರಿಗೆ ಇನ್ನೂ ಹೆಚ್ಚಾಗಿ ಹೇಳಿದರು. ಆಲ್ಪ್ಸ್ ಪರ್ವತಗಳಲ್ಲಿ ಮುಖ್ಯವಾದ ಮೋಂ ಬ್ಲಾಂ ಶಿಖರವನ್ನು ಪುರುಷರು ಮೊದಲು ಏರಿದುದು 1786ರಲ್ಲಿ. 1808ರಲ್ಲಿಯೇ ಶಾಮೋನಿ ಗ್ರಾಮದ ಮಾರೀ ಪಾರಾಡಿ ಎಂಬ ಬಡ ಹೆಂಗಸು ಅದನ್ನು ಏರಿದಳು. ಎಡ್ಮಂಡ್ ಹಿಲರಿ ಮತ್ತು ತೇನ್‌ಸಿಂಗ್ ನೋರ್ಗೆ ಇವರು 1953ನೆಯ ಮೇ 29ರಂದು ಎವರೆಸ್ಟನ್ನು ಏರಿದರು. ಇಪ್ಪತ್ತೆರಡು ವರ್ಷಗಳ ಬಳಿಕ, 1975ರ ಮೇ 16ರಂದು, ಜಪಾನಿನ ಜುಂಕೊ ತಾಬೆ ಎಂಬವರು ಅಲ್ಲಿ ನಿಂತ ಪ್ರಥಮ ಮಹಿಳೆಯಾದರು. ಶಿಖರವನ್ನೇರುವುದಕ್ಕೆ ಹನ್ನೆರಡು ದಿನಗಳ ಮುಂಚೆ ಹಿಮಪಾತವೊಂದು ಅವರ ಡೇರೆಯನ್ನು ಹೂತುಹಾಕಿತ್ತು. ಜೊತೆಯವರು ಅವರನ್ನು ಅಗೆದು ಹೊರತೆಗೆದಿದ್ದರು. ಆಕೆ ಒಂದು ಹೆಣ್ಣುಮಗುವಿನ ತಾಯಿಯೂ ಆಗಿದ್ದರು. ನಮ್ಮ ದೇಶದ ಬಚೇಂದ್ರಿ ಪಾಲರು ಹಿಮಾಲಯದ ಮಡಿಲಿನ ಒಂದು ಹಳ್ಳಿಯಲ್ಲಿ ಹುಟ್ಟಿ, ಎಂ. ಎ. ಪದವಿಯನ್ನೂ ಉಪಾಧ್ಯಾಯಿನಿಯ ಶಿಕ್ಷಣವನ್ನೂ ಪಡೆದವರು. ಅವರು ಸಹ ಹಿಮಪಾತಕ್ಕೆ ಸಿಕ್ಕಿದರೂ ಹಿಂದಿರುಗದೆ, 1984ರ ಮೇ 23ರಂದು ಎವರೆಸ್ಟನ್ನು ಏರಿ, ಹಾಗೆ ಮಾಡಿದ ಪ್ರಥಮ ಭಾರತೀಯ ಮಹಿಳೆಯೆನಿಸಿದರು.

ನಮ್ಮಲ್ಲಿ ಬಹುಮಂದಿ ಹಿಮಾಲಯವನ್ನು ಏರುವುದಿಲ್ಲ, ಏರಬೇಕಾದ ಅಗತ್ಯವೂ ಇಲ್ಲ. ಆದರೆ ಮನೆಯಲ್ಲಿ ಮಗಳು ಭೂಗೋಳದ ಪಾಠವನ್ನು ಗಟ್ಟಿಯಾಗಿ ಓದಿ, “ಎವರೆಸ್ಟ್, 8,848.86 ಮೀಟರ್” ಎಂದು ಬಾಯಿಪಾಠ ಮಾಡುವಾಗ, ತಾಯಂದಿರಾದವರು ಅವಳನ್ನು ಒಂದು ಕ್ಷಣ ನಿಲ್ಲಿಸಿ, “ಎಲ್ಲಿಂದ ಅಳೆದರು? ಯಾರು ಅಳೆದರು?” ಎಂದು ಕೇಳಬಹುದು. ಉತ್ತರ ಗೊತ್ತಿಲ್ಲದಿದ್ದರೆ ತಾಯಿಮಗಳಿಬ್ಬರೂ ಕೂಡಿ ಹುಡುಕಬಹುದು. ಕೇಳಿದ ಮಾತನ್ನು ಪರೀಕ್ಷಿಸದೆ ತಳ್ಳಿಬಿಟ್ಟ ಪಂಡಿತರ ಹೆಸರನ್ನು ಇಂದು ನೆನೆಯುವವರಿಲ್ಲ. ಸರಪಳಿ ಹಿಡಿದು, ಕೋನವನ್ನು ನೋಡಿ, ಲೆಕ್ಕವನ್ನು ಮತ್ತೆ ಮತ್ತೆ ತಿದ್ದಿದವರ ಕೆಲಸವು ಆ ಪರ್ವತಗಳಂತೆಯೇ ಸ್ಥಿರವಾಗಿ ನಿಂತಿದೆ.