ಅವಿನಾಶಿಯ ಶಾಲಾಮಕ್ಕಳು, ಅಂತರ್ಜಾಲ ಮತ್ತು ಆರೋಗ್ಯದ ಭಾಷೆ

ಅವಿನಾಶಿ, ತಿರುಪ್ಪೂರು ಹಾಗೂ ನೆರೆಯ ಕೊಯಮತ್ತೂರು ಸೀಮೆಯಲ್ಲಿ ಕನ್ನಡವನ್ನು ಮನೆಮಾತಾಗಿ ಉಳಿಸಿಕೊಂಡ ಕುಟುಂಬಗಳು, ಮುಖ್ಯವಾಗಿ ದೇವಾಂಗ ನೇಕಾರರು, ತಲೆಮಾರುಗಳಿಂದ ನೆಲೆಸಿವೆ. ಇಂಥ ಮನೆಗಳ ಮಕ್ಕಳಿಗೆ ಆಡುಮಾತು ಕನ್ನಡವಾದರೆ ಓದುಬರಹ ತಮಿಳು ಮತ್ತು ಇಂಗ್ಲಿಷ್. ಕನ್ನಡ ಲಿಪಿಯ ಪರಿಚಯ ವಿರಳ. ಅಂತರ್ಜಾಲದ ಮೂಲಕ ಆರೋಗ್ಯ ಪ್ರಸಾರವನ್ನು ಯೋಜಿಸುವವರು ಮೊದಲು ಗಮನಿಸಬೇಕಾದುದು ಈ ಸಂಗತಿಯನ್ನು.

ವಿದ್ಯುನ್ಮಾನ ಆರೋಗ್ಯ ಸಾಕ್ಷರತೆ ಎಂಬ ಪರಿಕಲ್ಪನೆಯನ್ನು 2006ರಲ್ಲಿ ನಿರೂಪಿಸಿದ ನಾರ್ಮನ್ ಮತ್ತು ಸ್ಕಿನ್ನರ್ ಅದನ್ನು ಆರು ಬಗೆಯ ಸಾಕ್ಷರತೆಗಳ ಸಂಗಮವೆಂದರು. ಅವುಗಳಲ್ಲೊಂದು ಸಾಂಪ್ರದಾಯಿಕ ಓದುಬರಹ. ಯಾವ ಭಾಷೆಯ ಓದುಬರಹ ಎಂಬ ಪ್ರಶ್ನೆ ಅವಿನಾಶಿಯಂಥ ಕಡೆ ತಾನಾಗಿಯೇ ಏಳುತ್ತದೆ. ಬೆಂಗಳೂರಿನಲ್ಲಿ ಸಿದ್ಧವಾದ ಕನ್ನಡ ಕರಪತ್ರವನ್ನು ಇಲ್ಲಿನ ಹುಡುಗಿ ಓದಲಾರಳು. ತಮಿಳಿನ ಪುಟವನ್ನು ಆಕೆ ಸರಾಗವಾಗಿ ಓದುತ್ತಾಳೆ, ಆದರೆ ಅಲ್ಲಿ ಕಂಡ ‘ನೀರಿಳಿವು’ ಎಂಬುದನ್ನು ಅಜ್ಜಿಗೆ ‘ಸಕ್ಕರೆ ಕಾಯಿಲೆ’ ಎಂದು ತಿರುಗಿಸಿ ಹೇಳಬೇಕಾದವಳೂ ಅವಳೇ. ಹೀಗೆ ವಿದ್ಯಾರ್ಥಿಯು ಮಾಹಿತಿಯ ಗ್ರಾಹಕನಷ್ಟೇ ಅಲ್ಲ, ಮನೆಯ ದುಭಾಷಿಯೂ ಹೌದು. ಸಕ್ಕರೆ ಕಾಯಿಲೆಯ ವಿಚಾರದಲ್ಲಿ ಈ ಅನುವಾದ ಸುಲಭ. ಮುಟ್ಟಿನ ವಿಷಯಕ್ಕೆ ಬಂದಾಗ, ‘ಹೊರಗಾಗುವುದು’ ಎಂಬ ಮರೆಮಾತಿನಾಚೆಗೆ ಮನೆಗನ್ನಡ ಹೋಗದೆ ಅನುವಾದವೇ ನಿಂತುಬಿಡಬಹುದು.

ಸಾಧನದ ಅಭಾವ ಈಗ ಮೊದಲಿನಷ್ಟಿಲ್ಲ. ಅಸರ್ 2024ರ ಪ್ರಕಾರ ಗ್ರಾಮೀಣ ಭಾರತದ 14ರಿಂದ 16 ವಯಸ್ಸಿನ ಮಕ್ಕಳಲ್ಲಿ ಶೇ. 82ಕ್ಕೂ ಮಿಕ್ಕಿದವರು ಸ್ಮಾರ್ಟ್‌ಫೋನ್ ಬಳಸಬಲ್ಲರು. ಹಾಗೆ ಬಳಸಬಲ್ಲವರಲ್ಲಿ ಸ್ವಂತ ಫೋನುಳ್ಳ ಹುಡುಗರು ಶೇ. 36.2, ಹುಡುಗಿಯರು ಶೇ. 26.9. ಉಳಿದವರ ಕೈಗೆ ಸಿಗುವುದು ಅಪ್ಪನದೋ ಅಣ್ಣನದೋ ಫೋನು. ಏನನ್ನು ಹುಡುಕಲಾಯಿತೆಂಬ ಗುರುತು ಅದರಲ್ಲೇ ಉಳಿಯುತ್ತದೆ. ಆರೋಗ್ಯ ಶಿಕ್ಷಣದ ಚರ್ಚೆಗಳಲ್ಲಿ ಈ ಗೋಪ್ಯತೆಯ ಪ್ರಶ್ನೆಗೆ ಸಿಗಬೇಕಾದಷ್ಟು ಸ್ಥಾನ ಸಿಕ್ಕಿಲ್ಲ.

2020ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ ಶಾಲಾ ಆರೋಗ್ಯ ಕಾರ್ಯಕ್ರಮವು ಪ್ರತಿ ಶಾಲೆಯಲ್ಲಿ ಇಬ್ಬರು ಶಿಕ್ಷಕರನ್ನು ಆರೋಗ್ಯ ರಾಯಭಾರಿಗಳನ್ನಾಗಿ ತರಬೇತುಗೊಳಿಸುತ್ತದೆ. ಅದರ 11 ವಿಷಯಗಳಲ್ಲಿ ಅಂತರ್ಜಾಲವೂ ಒಂದು, ಆದರೆ ಮುಖ್ಯವಾಗಿ ಸುರಕ್ಷಿತ ಬಳಕೆಯ ಪ್ರಶ್ನೆಯಾಗಿ. ಎಚ್ಚರಿಕೆ ಅಗತ್ಯವೇ, ಅಷ್ಟಕ್ಕೆ ನಿಂತರೆ ಮಾಧ್ಯಮದ ಇನ್ನೊಂದು ಮುಖ ಬಳಕೆಯಾಗದೆ ಉಳಿಯುತ್ತದೆ.

ಲಿಪಿ ಬಾರದವರಿಗೆ ದಾರಿಯಿರುವುದು ಧ್ವನಿಯಲ್ಲಿ. 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ-ಮಾನಸ್ ಸಹಾಯವಾಣಿ, 14416, ತಮಿಳು ಕನ್ನಡಗಳೆರಡರಲ್ಲೂ ಮಾತಾಡುತ್ತದೆ. ಅಲ್ಲಿ ಅಕ್ಷರದ ಹಂಗಿಲ್ಲ. ಅದೇ ರೀತಿ ಮೂರು ನಿಮಿಷದ ಧ್ವನಿಮುದ್ರಿಕೆಯನ್ನು ಆರೋಗ್ಯ ರಾಯಭಾರಿಯ ನೆರವಿನಿಂದ ವಿದ್ಯಾರ್ಥಿಗಳೇ ಸಿದ್ಧಪಡಿಸಿ, ವೈದ್ಯರಿಂದ ತಿದ್ದಿಸಿ, ವಾಟ್ಸಾಪಿನಲ್ಲಿ ಹಂಚಬಹುದು. ಅದರ ಭಾಷೆ ಪಠ್ಯದ ಕನ್ನಡವಾಗಿರದೆ ನೇಕಾರರ ಮನೆಯ ಕನ್ನಡವಾಗಿರಬೇಕು, ತಮಿಳಿನಿಂದ ಬಂದು ಸೇರಿದ ಪದಗಳ ಸಮೇತ.